ಹೊತ್ತು ಕಂತುವ ಮೊದಲು ಒಂದು ಬಟ್ಟಲು ಗಂಜಿ

ನನ್ನ ಅಪ್ಪ ಮೂಡುಬಿದಿರೆಯಲ್ಲಿ ತಾಳೆಗರಿಯ ಗ್ರಂಥಗಳನ್ನು ನಕಲು ಮಾಡುತ್ತಿದ್ದರು. ಹುಳ ತಿಂದ ಹಳೆಯ ಗರಿಗಳನ್ನು ಓದಿ, ಕಂಟವೆಂಬ ಉಕ್ಕಿನ ಮೊನೆಯಿಂದ ಹೊಸ ಗರಿಗಳ ಮೇಲೆ ಕೊರೆಯುವ ಕೆಲಸ. ಐವತ್ತರ ದಶಕ ಮುಗಿಯುತ್ತ ಬಂದು, ಅಚ್ಚಿನ ಪುಸ್ತಕ ಮನೆಮನೆಗೆ ಬಂದರೂ ಅವರು ಬಿಟ್ಟಿರಲಿಲ್ಲ. ಒಂದು ಗ್ರಂಥ ಅರ್ಧಕ್ಕೆ ಬಂದಾಗ ಕಣ್ಣು ಪೂರಾ ಹೋಯಿತು. ಕಂಟವನ್ನು ಬಟ್ಟೆಯಲ್ಲಿ ಸುತ್ತಿಟ್ಟು ಚಾಪೆ ಹಿಡಿದರು. ಊಟ ಕಡಿಮೆಯಾಯಿತು, ಆಮೇಲೆ ನಿಂತೇ ಹೋಯಿತು.

ನಾಲ್ಕನೆಯ ದಿನ ಬೆಳುವಾಯಿಯಿಂದ ಬಂದ ಪಂಡಿತರು ನಾಡಿ ಹಿಡಿದು, "ಇವತ್ತು ಒಂದು ಬಟ್ಟಲು ಗಂಜಿಯಾದರೂ ಒಳಗೆ ಹೋಗ್ಬೇಕು. ನಾಳೆಯ ಮಾತು ನಾನು ಹೇಳುವುದಿಲ್ಲ" ಎಂದು ಹೊರಟರು. ಇವತ್ತು ಎಂದರೆ ನಮ್ಮ ಜೈನರ ಮನೆಯಲ್ಲಿ ಹೊತ್ತು ಕಂತುವವರೆಗೆ. ಆಮೇಲೆ ಯಾರೂ ಉಣ್ಣುವುದಿಲ್ಲ. ಅಪ್ಪ ಆ ನೇಮವನ್ನು ಒಮ್ಮೆಯೂ ಮುರಿದವರಲ್ಲ.

ಅಪ್ಪನ ಅಕ್ಕ, ನನ್ನ ಅತ್ತೆ, ಬಾಗಿಲಲ್ಲಿ ನಿಂತು ಗದರಿದರು. "ವ್ರತ ಹಿಡಿದು ಅನ್ನ ಬಿಡುವುದಾದ್ರೆ ಕೈಮುಗೀತಿದ್ದೆ ತಮ್ಮಾ. ನಿನ್ನದು ವ್ರತ ಅಲ್ಲ, ಬೇಸರ."

"ಬೇಸರವೇ ಅಕ್ಕ. ಕಣ್ಣಿಲ್ಲದವನಿಗೆ ಇಲ್ಲಿ ಎಂತ ಕೆಲಸ ಉಂಟು?"

"ನಾನಿಲ್ವಾ ಅಪ್ಪ? ನನಗೋಸ್ಕರ ಉಣ್ಣಿ," ಎಂದೆ.

"ನಿನಗೆ ಸಿದ್ಧಕಟ್ಟೆಯಲ್ಲಿ ಶಾಲೆ ಉಂಟು, ಮಕ್ಕಳಿಗೆ ಕಲಿಸ್ತಿ. ನಾನು ಯಾಕೆ?"

ಬದುಕಲು ನಾವು ಒಬ್ಬೊಬ್ಬರು ಒಂದೊಂದು ಕಾರಣ ಕೊಟ್ಟೆವು. ಯಾವುದೂ ಅವರದಾಗಿರಲಿಲ್ಲ. ಅನ್ನವನ್ನಾದರೆ ಬಡಿಸಬಹುದು, ಬೆಳಗ್ಗೆ ಎದ್ದು ಕೂರುವ ಕಾರಣವನ್ನು ಮಗಳೂ ಬಡಿಸಲಾರಳು ಎಂಬುದು ನನಗಾಗ ಗೊತ್ತಿರಲಿಲ್ಲ. ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು; ಆ ದಿನ ಭಯವೂ ಸೇರಿತ್ತು. ಬಿಸಿಲು ಅಂಗಳ ದಾಟಿ ಪಾಗಾರದ ಗೋಡೆ ಹತ್ತಿತ್ತು. ಹೊಸ ಗರಿಯ ಕಟ್ಟನ್ನೂ ಕಂಟವನ್ನೂ ಎಳೆದು ತಂದು ಅವರ ಕಿವಿಯ ಹತ್ತಿರವೇ ಕೂತೆ.

"ಸರಿ, ನೀವು ಮಲಗಿ. ಈ ಅರ್ಧ ಗ್ರಂಥವನ್ನು ನಾನೇ ಮುಗಿಸ್ತೇನೆ."

ಸ್ಲೇಟಿನ ಮೇಲೆ ಬರೆದಂತೆ ಒತ್ತಿ ಎಳೆದೆ. ಗರಿ ಚರ್ರೆಂದು ಸೀಳಿತು. ಅಪ್ಪ ನನ್ನ ಕಡೆ ಮುಖ ತಿರುಗಿಸಿದರು. ಇನ್ನೊಂದು ತೆಗೆದೆ. ಅದೂ ಸೀಳಿತು.

"ಕಂಟ ಓಡಿಸ್ತಿದ್ದೀಯಾ?"

"ಮತ್ತೆ ಹೇಗೆ ಬರೆಯುವುದು?"

ಮೂರನೆಯದಕ್ಕೆ ಕೈ ಹಾಕಿದೆ. "ಸಾಕು ಮಾರಾಯ್ತಿ, ಗರಿ ಹಾಳು ಮಾಡ್ಬೇಡ," ಎನ್ನುತ್ತಾ ಅಪ್ಪ ಮೊಣಕೈ ಊರಿ ಎದ್ದರು. "ಕಂಟ ನಿಂತಲ್ಲೇ ನಿಲ್ಲಬೇಕು. ಗರಿ ಓಡಬೇಕು." ತಡವಿ ನನ್ನ ಎಡಗೈ ಹಿಡಿದು, ಹೆಬ್ಬೆರಳಿಗೆ ಕಂಟವನ್ನು ಆನಿಸಿ, ಗರಿಯನ್ನು ಮೆಲ್ಲಗೆ ಸರಿಸಲು ನೋಡಿದರು. ಕೈ ಗಡಗಡ ನಡುಗಿತು. ಎರಡು ಅಕ್ಷರವೂ ಆಗಲಿಲ್ಲ. ಗೋಡೆಗೆ ಒರಗಿ ಏದುಸಿರು ಬಿಟ್ಟರು.

"ಕೈಯಲ್ಲಿ ತ್ರಾಣ ಇಲ್ಲ. ಗಂಜಿ ಉಂಟಾ?"

ಅತ್ತೆ ಓಡಿದರು. ಬಟ್ಟಲು ಬರುವಾಗ ಪಾಗಾರದ ಮೇಲೆ ಬಿಸಿಲಿರಲಿಲ್ಲ.

"ಹೊತ್ತು ಕಂತಿತಾ?"

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನನ್ನನ್ನೇ ನೋಡಿದರು.

"ಇಲ್ಲ ಅಪ್ಪ. ಇನ್ನೂ ಬಿಸಿಲು ಉಂಟು," ಎಂದೆ.

ಅರ್ಧ ಕುಡಿದಿದ್ದರು, ಅಷ್ಟರಲ್ಲಿ, ಹೊತ್ತು ಕಂತಿದ ಮೇಲೆ ಹೊಡೆಯುವ ಬಸದಿಯ ಗಂಟೆ ಕೇಳಿಸಿತು. ಬಟ್ಟಲು ತುಟಿಯಲ್ಲೇ ನಿಂತಿತು. ಈಗ ಕೆಳಗಿಡುತ್ತಾರೆ, ಇನ್ನು ಯಾವತ್ತೂ ಎತ್ತುವುದಿಲ್ಲ ಎಂದುಕೊಂಡೆ. ಗಂಟೆ ಮುಗಿಯುವವರೆಗೂ ಅವರು ಅಲ್ಲಾಡಲಿಲ್ಲ. ಆಮೇಲೆ ಬಟ್ಟಲನ್ನು ತಳದವರೆಗೆ ಬರಿದು ಮಾಡಿ ನನ್ನ ಕಡೆ ಚಾಚಿದರು.

"ಈ ಸುಳ್ಳಿಗೆ ನಾಳೆ ನೀನು ಉಪವಾಸ ಮಾಡು," ಎಂದರು ಅಪ್ಪ. "ನನಗೆ ಕೆಲಸ ಉಂಟು."