ಕೂತು ತಿಂದ ದೋಸೆ

ಈ ದಿನ ನಾನು ಮಾಡಿದ ಕೆಲಸ ಇಷ್ಟು. ಕೋಳಿ ಕೂಗುವ ಹೊತ್ತಿಗೆ ಎದ್ದು ಬಾಗಿಲಿಗೆ ನೀರು ಹಾಕಿ ರಂಗೋಲಿ ಎಳೆದೆ. ಎಮ್ಮೆ ಕರೆದೆ. ಬಾವಿಯಿಂದ ಹನ್ನೆರಡು ಕೊಡ ನೀರು ಸೇದಿದೆ. ಸ್ನಾನ ಮಾಡಿ ಲಿಂಗಪೂಜೆ ಮುಗಿಸಿದೆ. ಮಗಳ ತಲೆ ಬಾಚಿ, ಹೇನಿಗಾಗಿ ಒಂದು ಸುತ್ತು ಹುಡುಕಿ, ಶಾಲೆಗೆ ಕಳಿಸಿದೆ. ಅರ್ಧ ಮೂಟೆ ಕಡಲೆಕಾಯಿ ಸುಲಿದೆ. ಕಂಬಳಿಯ ತೂತಿಗೆ ತೇಪೆ ಹಾಕಿದೆ. ಒಲೆ ಮಾತ್ರ ಹಚ್ಚಲಿಲ್ಲ. ಹಚ್ಚುವಂತಿಲ್ಲ. ನಮ್ಮತ್ತೆ ನನಗೆ ಅಡಿಗೆಮನೆಯ ಹೊಸ್ತಿಲು ದಾಟಗೊಡದೆ ಇಂದಿಗೆ ನಾಲ್ಕು ದಿನ.

ಕಾರಣ, ನಾನು ಬೆಂಗಳೂರಿನ ಹೋಟ್ಲಿನಲ್ಲಿ ಕೂತು ದೋಸೆ ತಿಂದದ್ದು. ‘ತಪ್ಪಾಯಿತು’ ಅಂತ ಒಂದು ಮಾತು ಅಂದು, ಮಠದ ಅಯ್ಯನವರಿಂದ ತೀರ್ಥ ತೆಗೆದುಕೊಂಡರೆ ಒಳಗೆ ಹೋಗಬಹುದು. ತೀರ್ಥಕ್ಕೆ ನನ್ನದೇನೂ ತಕರಾರಿಲ್ಲ, ಯಾವತ್ತು ಕೊಟ್ಟರೂ ಕುಡಿಯುತ್ತೇನೆ. ಆ ಮಾತು ಮಾತ್ರ ಬಾಯಿಗೆ ಬರುವುದಿಲ್ಲ. ಹದಿನೆಂಟು ವರ್ಷ ನನ್ನದೆಂದುಕೊಂಡ ಒಲೆ ಅದು. ಅದು ಬೇಕು ಅಂತ ದಿನಕ್ಕೆ ಹತ್ತು ಸಲ ಹೊಸ್ತಿಲ ತನಕ ಹೋಗಿ ನಿಲ್ಲುತ್ತೇನೆ. ಆದರೂ ಆ ಮಾತು ಬರುವುದಿಲ್ಲ.

ಓದುವ ನೀವೇ ನ್ಯಾಯ ಹೇಳಿ. ದಸರೆಯ ರಜಕ್ಕೆ ನಮ್ಮ ಯಜಮಾನರು ನನ್ನನ್ನೂ ಮಗಳು ಗೌರಿಯನ್ನೂ ಬೆಂಗಳೂರು ತೋರಿಸಲು ಕರೆದುಕೊಂಡು ಹೊರಟರು. ಮಧುಗಿರಿಯಲ್ಲಿ ಮೋಟಾರು ಹತ್ತಿ, ಕೊರಟಗೆರೆಯಲ್ಲಿ ಗೌರಿ ವಾಂತಿ ಮಾಡಿಕೊಂಡು, ತುಮಕೂರಿನಲ್ಲಿ ರೈಲು ಹಿಡಿದೆವು. ಅತ್ತೆ ಮೂರು ದಿನಕ್ಕೆ ಬುತ್ತಿ ಕಟ್ಟಿಸಿದ್ದರು: ಸಜ್ಜೆ ರೊಟ್ಟಿ, ಚಟ್ನಿಪುಡಿ, ಹುರಿಹಿಟ್ಟು, ಬೆಲ್ಲ. ಕೊರಳಲ್ಲಿ ಲಿಂಗವಿಲ್ಲದವರ ಕೈಯ ಅಡಿಗೆ ನಮ್ಮ ಮನೆಯವರು ಮುಟ್ಟುವುದಿಲ್ಲ. ಆದರೆ ಅಂಗಡಿಯ ಸಾಮಾನಿಗೆಂದು ವರ್ಷಕ್ಕೆ ನಾಲ್ಕು ಸಲ ಬೆಂಗಳೂರಿಗೆ ಹೋಗುವ ಯಜಮಾನರು ಅಲ್ಲಿ ಏನು ಮುಟ್ಟುತ್ತಾರೆ ಎಂದು ಯಾರೂ ಕೇಳುವುದಿಲ್ಲ. ಗಂಡಸರು ಹೊರಗೆ ತಿಂದದ್ದು ಹೊರಗೇ ಜೀರ್ಣವಾಗಿಬಿಡುತ್ತದಂತೆ. ಹೆಂಗಸರದು ಮಾತ್ರ ಹೊಸ್ತಿಲು ದಾಟಿ ಒಳಗೆ ಬರುತ್ತದೆ.

ಚಿಕ್ಕಪೇಟೆಯ ಛತ್ರದಲ್ಲಿ ಇಳಿದೆವು. ಎರಡು ದಿನ ನೋಡಬೇಕಾದ್ದನ್ನೆಲ್ಲ ನೋಡಿದೆವು. ಲಾಲ್‌ಬಾಗಿನ ಗಾಜಿನ ಮನೆ ನೋಡಿ, ಇದರ ಧೂಳು ಒರೆಸುವವರು ಯಾರೋ ಪಾಪ ಅಂದುಕೊಂಡೆ. ಅಲ್ಲಿನ ಬಂಡೆ ಹತ್ತಿಸಿ ಯಜಮಾನರು ‘ನೋಡು’ ಅಂದರು. ಬೆಳಗಾಗೆದ್ದರೆ ಊರಿಗೆ ಊರೇ ಮುಚ್ಚುವಷ್ಟು ದೊಡ್ಡ ಏಕಶಿಲೆಯ ಬೆಟ್ಟ ನೋಡುವವಳಿಗೆ ಅದು ನಮ್ಮ ಬೆಟ್ಟದ ಕಿರುಬೆರಳಿನ ಉಗುರಿನ ಹಾಗೆ ಕಂಡಿತು. ಬೀದಿಯ ವಿದ್ಯುದ್ದೀಪ ಚೆನ್ನಾಗಿತ್ತು. ಎಣ್ಣೆ ಕೇಳುವುದಿಲ್ಲ, ಗಾಜಿಗೆ ಮಸಿ ಹಿಡಿಯುವುದಿಲ್ಲ. ಹೀಗೆ ನನಗೆ ಎಲ್ಲದರಲ್ಲೂ ಒರೆಸುವುದು ತೊಳೆಯುವುದೇ ಕಾಣುತ್ತಿತ್ತು. ಕಣ್ಣು ಬೆಂಗಳೂರಿನಲ್ಲಿತ್ತು, ಕೈ ಮಾತ್ರ ಊರಿನಲ್ಲೇ ಕೆಲಸ ಮಾಡುತ್ತಿತ್ತು.

ಮೂರನೆಯ ದಿನ ಬೆಳಿಗ್ಗೆ ಛತ್ರದ ಎದುರಿನ ಹೋಟ್ಲಿನಿಂದ ದೋಸೆಯ ವಾಸನೆ ಬಂತು. ದೋಸೆ ನನಗೆ ಹೊಸದಲ್ಲ. ಸಾವಿರಗಟ್ಟಲೆ ಹುಯ್ದಿದ್ದೇನೆ. ಆದರೆ ನಾನು ತಿಂದದ್ದೆಲ್ಲ ಎರಡೇ ಜಾತಿ: ಕಾವಲಿ ಹದಕ್ಕೆ ಬರುವ ಮುಂಚೆ ಹರಿದು ಹೋದ ಮೊದಲನೆಯದು, ಹಿಟ್ಟು ಮುಗಿಯುವಾಗ ಪಾತ್ರೆ ಬಳಿದು ಹುಯ್ದ ಕೊನೆಯದು. ನಡುವಿನ ದೋಸೆಯ ರುಚಿ ನನಗೆ ಬೇರೆಯವರು ಹೇಳಿಯೇ ಗೊತ್ತು. ಪುರಾಣ ಬಲ್ಲವರನ್ನು ನಾನು ಬಹಳ ದಿನದಿಂದ ಕೇಳುತ್ತಲೇ ಇದ್ದೇನೆ, ಕೈಯಲ್ಲಿ ಸೌಟು ಹಿಡಿದು ಲೋಕಕ್ಕೆಲ್ಲ ಬಡಿಸುವ ಅನ್ನಪೂರ್ಣೆ ತಾನು ಉಂಡದ್ದು ಯಾವಾಗ, ಅವಳಿಗೆ ಬಡಿಸಿದವರು ಯಾರು ಅಂತ. ಒಬ್ಬರೂ ಹೇಳಿಲ್ಲ. ಶಿವನಿಗೆ ಭಿಕ್ಷೆ ಹಾಕಿದ ಕಥೆ ಹೇಳಿ ಎಲೆ ಅಡಿಕೆ ಹಾಕಿಕೊಳ್ಳುತ್ತಾರೆ.

ನಾನು ಸೆರಗು ಸರಿಮಾಡಿಕೊಂಡು, ಗೌರಿಯ ಕೈ ಹಿಡಿದು ಬೀದಿ ದಾಟಿದೆ. ಯಜಮಾನರು ‘ಎಲ್ಲಿಗೆ, ಎಲ್ಲಿಗೆ’ ಅನ್ನುತ್ತಾ ಹಿಂದೆ ಬಂದರು. ಒಳಗೆಲ್ಲ ಗಂಡಸರೇ. ಮಾಣಿ ಬಂದು ಬಹಳ ಮರ್ಯಾದೆಯಿಂದ, “ಹೆಂಗಸರಿಗೆ ಇಲ್ಲಿ ಜಾಗ ಇಲ್ಲ ಅಮ್ಮ. ಕಟ್ಟಿ ಕೊಡುತ್ತೇನೆ, ತೆಗೆದುಕೊಂಡು ಹೋಗಿ” ಅಂದ.

“ಕಟ್ಕೊಂಡು ಬಂದಿರೋ ಬುತ್ತಿ ಇನ್ನೂ ಐತೆ ಕಣಪ್ಪ,” ಅಂದೆ. “ನಾನು ಬಂದಿರೋದು ಕೂತ್ಕೊಂಡು ತಿನ್ನಾಕೆ.”

ಅವನು ಯಜಮಾನರ ಮುಖ ನೋಡಿದ. ಅವರು ಗೋಡೆಯ ಗಡಿಯಾರ ನೋಡಿದರು. ಕೊನೆಗೆ ಅಡಿಗೆಮನೆಯ ಬಾಗಿಲ ಪಕ್ಕ ಒಂದು ಬೆಂಚು ಎಳೆದು ಹಾಕಿಸಿದ. ಅದು ಮೂಲೆ ಅಂದುಕೊಂಡು ಕೊಟ್ಟದ್ದು. ನನಗೆ ಅದೇ ಎಲ್ಲಕ್ಕಿಂತ ಒಳ್ಳೆಯ ಜಾಗವಾಯಿತು. ಅಲ್ಲಿಂದ ಒಳಗಿನ ಒಲೆ ಕಾಣುತ್ತಿತ್ತು. ಒಬ್ಬ ದಪ್ಪ ಗಂಡಸು ಬೆವರು ಒರೆಸಿಕೊಳ್ಳುತ್ತಾ ನನಗೆ ಅಂತ ದೋಸೆ ಹುಯ್ಯುತ್ತಿದ್ದ. ಬೆಂಗಳೂರಿನಲ್ಲಿ ಏನು ನೋಡಿದೆ ಅಂತ ಯಾರೇ ಕೇಳಲಿ, ನಾನು ನೋಡಿದ್ದು ಅದು. ದೋಸೆಯ ಅಂಚು ಗರಿಯಾಗಿ, ನಡುವೆ ಮೆತ್ತಗೆ, ಬಿಸಿಗೆ ಬೆರಳು ಸುಡುತ್ತಿತ್ತು. ನಡುವಿನ ದೋಸೆ. ಎರಡು ತಿಂದೆ. ಕಾಫಿಯನ್ನೂ ಕುಡಿದೆ, ಅದೇನೂ ಅಂಥದ್ದಲ್ಲ.

ಊರಿಗೆ ಬರುವ ದಾರಿಯುದ್ದಕ್ಕೂ ಯಜಮಾನರು ನನಗೆ ಸುಳ್ಳು ಕಲಿಸಿದರು. ಹೇಳಲೇಬೇಡ, ಹೇಳಿದರೂ ಬುತ್ತಿ ಕೆಟ್ಟಿತ್ತು ಅನ್ನು. ಅತ್ತೆ ಕಟ್ಟಿದ ಬುತ್ತಿಯ ಮೇಲೆ ಸುಳ್ಳು ಹೊರಿಸಲು ನನಗೆ ಮನಸ್ಸಾಗಲಿಲ್ಲ. ಮನೆಗೆ ಬಂದು ಅತ್ತೆ “ಏನೇನ್ ನೋಡ್ದೆ?” ಅಂದಾಗ ನೋಡಿದ್ದನ್ನು ಹೇಳಿದೆ. ಅವರು ಎದ್ದು ಅಡಿಗೆಮನೆಯ ಬಾಗಿಲಿಗೆ ಅಡ್ಡ ನಿಂತರು.

ಅಂದಿನಿಂದ ಎಪ್ಪತ್ತರ ಹತ್ತಿರದ ಮುದುಕಿ ಮುದ್ದೆ ತೊಳಸುತ್ತಿದ್ದಾರೆ. ಮುದ್ದೆಯೊಳಗೆ ಗಂಟು. ಎಲ್ಲರೂ ಶಬ್ದ ಮಾಡದೆ ನುಂಗುತ್ತೇವೆ. ನಡುಮನೆಯಲ್ಲಿ ತಟ್ಟೆಯ ಮುಂದೆ ಕೂರಿಸಿ ನನಗೂ ಬಿಸಿಬಿಸಿ ಬಡಿಸುತ್ತಾರೆ, ಶಿಕ್ಷೆ ಅಂತ. ಮೊದಲ ದಿನ ನಗು ಬಂತು. ಎರಡನೆಯ ದಿನ ಅವರ ಮಣಿಕಟ್ಟು ಊದಿದ್ದು ಕಂಡು ಎರಡನೆಯ ಮುದ್ದೆಗೆ ಕೈ ಅಡ್ಡ ಹಿಡಿದೆ. ನಿನ್ನೆ ಯಜಮಾನರು ಹತ್ತಿರ ಬಂದು, “ಒಂದ್ ಮಾತು ಅಂದ್ಬುಡೆ, ನಿನ್ ಗಂಟೇನ್ ಓಯ್ತದೆ?” ಅಂದರು. “ಅವತ್ತು ನೀವೂ ಮೂರು ತಿಂದ್ರಲ್ಲ, ನೀವೂ ಅನ್ನಿ. ಇಬ್ರೂ ಜೊತೇಲೇ ಅನ್ನಾನ,” ಅಂದೆ. ಟವೆಲು ಹೆಗಲಿಗೆ ಹಾಕಿಕೊಂಡು ಅಂಗಡಿಗೆ ಹೋದರು.

ಇಷ್ಟನ್ನು ಮಧ್ಯಾಹ್ನವೇ ಬರೆದಿಟ್ಟಿದ್ದೆ. ಸಾಯಂಕಾಲ ಗೌರಿ ಹಸಿವೆಂದಳು. ಅತ್ತೆ ಮಧ್ಯಾಹ್ನದ ಅನ್ನಕ್ಕೆ ಮಜ್ಜಿಗೆ ಕಲಸಿ ಕೊಟ್ಟರು. ಉಂಡಾದ ಮೇಲೆ ತಟ್ಟೆಗೆ ನೀರು ಹಾಕಿ, ಬೆರಳಿನಿಂದ ಬಳಿದು, ಆ ನೀರನ್ನು ಕುಡಿಯುವುದು ನಮ್ಮ ಮನೆಯ ಪದ್ಧತಿ. ಉಂಡದ್ದು ಪ್ರಸಾದ, ಒಂದು ಅಗುಳೂ ಚೆಲ್ಲುವಂತಿಲ್ಲ. ಹಾಗೆ ಕುಡಿದು ಗೌರಿ ಅಂದಳು, “ಬೆಂಗ್ಳೂರಾಗೆ ಅವ್ವ ಇಂಗೇ ತೊಳ್ದು ಕುಡಿದಾಗ ಎಲ್ರೂ ನಕ್ಬುಟ್ರು ಅಜ್ಜಿ.”

ಇದನ್ನು ನಾನು ಹೇಳಿರಲಿಲ್ಲ. ಉಸಿರಾಡಿದೆ ಅಂತ ಯಾರಾದರೂ ಹೇಳುತ್ತಾರೆಯೇ? ಕೈ ತಾನಾಗಿ ಮಾಡಿದ ಕೆಲಸ ಅದು.

ಅತ್ತೆ ನನ್ನ ಕಡೆ ತಿರುಗಿದರು. “ವೋಟ್ಲಾಗೆ ತಟ್ಟೆ ತೊಳ್ದು ಕುಡಿದ್ಯಾ?”

“ಹೂಂ.”

“ಅಷ್ಟು ಜನದ ಮುಂದೆ?”

“ಹೂಂ. ಪಕ್ಕದ ಮೇಜಿನೋರು ನಕ್ರು. ಮಾಣಿನೂ ನಕ್ಕ.”

“ನೀನೇನ್ ಮಾಡ್ದೆ?”

“ಇನ್ನೊಂದು ಸಲ ನೀರು ಹಾಕ್ಕೊಂಡು ತೊಳ್ದು ಕುಡಿದೆ. ನಿಧಾನಕ್ಕೆ.”

ಅತ್ತೆ ಗೋಡೆ ಹಿಡಿದು ಕೂತರು. ಒಲೆಯ ಮೇಲೆ ಎಸರು ಕುದಿಯುವ ಸದ್ದು ಕೇಳುತ್ತಿತ್ತು. ಎದ್ದು ಹೋಗಿ ಹಿಟ್ಟು ಹಾಕಲು ನನ್ನ ಕಾಲು ತವಕಿಸುತ್ತಿತ್ತು, ಹೋಗಲಿಲ್ಲ.

“ತಿಂದಿದ್ದು ತಪ್ಪೇ ಕಣಮ್ಮಿ,” ಅಂದರು ಅತ್ತೆ.

“ನಿಮಗಂಗೆ ಕಂಡ್ರೆ ಅಂಗೇ ಇರ್ಲಿ ಅತ್ತೆ. ನನ್ನ ಬಾಯಾಗೆ ಬರಾಕಿಲ್ಲ.”

ಅವರು ತಮ್ಮ ಊದಿದ ಮಣಿಕಟ್ಟನ್ನು ಒಂದು ಸಲ ತಿರುಗಿಸಿ ನೋಡಿಕೊಂಡರು. “ನಗೋರು ನಗ್ಲಿ ಬುಡು,” ಅಂದರು. “ಎಸರು ಉಕ್ಕತೈತೆ. ಬಂದು ಹಿಟ್ಟು ತೊಳಸು.”

ಒಳಗೆ ಹೋದೆ. ಯಾರೂ ಗೆಲ್ಲಲಿಲ್ಲ ಎಂದು ಬರೆದರೆ ಚೆನ್ನಾಗಿರುತ್ತಿತ್ತೇನೋ, ನಾನು ಗೆದ್ದೆ. ಮುದ್ದೆ ಕಟ್ಟಿ ತಂದು ಇಟ್ಟವಳು, ಹಳೆಯ ರೂಢಿಯಂತೆ ಸೌಟು ಹಿಡಿದು ಪಕ್ಕಕ್ಕೆ ನಿಲ್ಲಲಿಲ್ಲ. ಎಲ್ಲರ ಸಾಲಿನಲ್ಲಿ ನನ್ನ ತಟ್ಟೆಯನ್ನೂ ಹಾಕಿಕೊಂಡು ಕೂತೆ. ಬೇಕಾದವರು ಕೈ ಚಾಚಿ ಹಾಕಿಕೊಳ್ಳಲಿ. ಯಜಮಾನರು ಒಮ್ಮೆ ತಟ್ಟೆ ನೋಡಿದರು, ಒಮ್ಮೆ ತಾಯಿಯ ಮುಖ ನೋಡಿದರು. ಅತ್ತೆ ತುಪ್ಪದ ಗಿಂಡಿ ತೆಗೆದು ಮೊದಲು ನನ್ನ ಮುದ್ದೆಗೆ ಹಾಕಿ ಆಮೇಲೆ ಮಗನ ಕಡೆ ತಳ್ಳಿದರು.

ಉಂಡದ್ದು ರಾಗಿಮುದ್ದೆ, ಹುರುಳಿಕಾಳಿನ ಸಾರು, ಒಂದು ಹಸಿ ಈರುಳ್ಳಿ. ಮೊದಲು ನಿದ್ದೆ ಹೋದವರು ಅತ್ತೆ. ಕಂಬಕ್ಕೆ ಒರಗಿ ಕೂತಿದ್ದವರು, ಆ ದೋಸೆ ಹಿಟ್ಟಿಗೆ ಮೆಂತ್ಯ ಹಾಕ್ತಾರಾ ಅಂತ ಕೇಳಿದರು. ಹಾಕ್ತಾರೆ ಅಂತ ನಾನು ಹೇಳುವಷ್ಟರಲ್ಲಿ ಗೊರಕೆ ಬಂತು.