ಕಪ್ಪಿ ಪಾಲು

ಇದನ್ನು ಹೇಳಿಬಿಡಬೇಕು ಅಂದುಕೊಳ್ಳುತ್ತಲೇ ಮೂರ್ನಾಲ್ಕು ನಾಗರ ಪಂಚಮಿ ಕಳೆದವು. ಒಮ್ಮೆ ಮೊಣಕಾಲು ನೋವು ಅಡ್ಡ ಬಂತು, ಒಮ್ಮೆ ಕಣ್ಣಿನ ಆಪರೇಷನ್, ಹೋದ ವರ್ಷ ಪೆನ್ನು ಸಿಗಲಿಲ್ಲ. ಪೆನ್ನು ಸಿಗದಂಥ ಮನೆಯೇನೂ ನನ್ನದಲ್ಲ. ಧೈರ್ಯ ಸಿಗಲಿಲ್ಲ, ಅಷ್ಟೆ.

ನಾನು ಸಿಮೆಂಟ್ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದವನು. ನಿವೃತ್ತನಾಗಿ ಸೇಡಂನಲ್ಲಿ ಮನೆ ಮಾಡಿದ ಮೇಲೆ ಕಿವಿಗೆ ಕೆಲಸವೇ ಇಲ್ಲದಂತಾಯಿತು. ಒಂದು ದಿನ ಕಲಬುರಗಿಗೆ ಕಣ್ಣು ತೋರಿಸಲು ಹೋದಾಗ, ಬಣ್ಣದ ಮೀನು ಮಾರುವ ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಪುಟ್ಟ ಕಪ್ಪೆಗಳು ಕಂಡವು. ಹೆಬ್ಬೆರಳಿನ ಉಗುರಿಗಿಂತ ತುಸು ದೊಡ್ಡವು. ಜೀವಮಾನವೆಲ್ಲ ನೀರಲ್ಲೇ ಇರುತ್ತವಂತೆ, ಉಸಿರಿಗೆ ಮಾತ್ರ ಮೇಲೆ ಬರುತ್ತವಂತೆ. ಒಂದು ಕಪ್ಪೆ ಕೈಕಾಲು ಚೆಲ್ಲಿ, ನೀರಿನ ನಡುವೆ, ರಜೆ ಮಂಜೂರಾದ ಕಾರ್ಮಿಕನಂತೆ ತೇಲುತ್ತಿತ್ತು. ಆರನ್ನು ಕಟ್ಟಿಸಿಕೊಂಡೆ.

ಸೇಡಂ ಬಸ್ಸಿನಲ್ಲಿ ತೊಡೆಯ ಮೇಲೆ ನೀರಿನ ಚೀಲ ಇಟ್ಟುಕೊಂಡು ಕೂತಿದ್ದೆ. ಪಕ್ಕದವನು ಕೇಳಿದ, “ಏನ್ರಿ ಕಾಕಾ, ಮೀನಾ?”

“ಕಪ್ಪಿ.”

ಅವನು ಎದ್ದು ಹಿಂದಿನ ಸೀಟಿಗೆ ಹೋದ.

ಮನೆಯಲ್ಲಿ ಹೆಂಡತಿ ಎದ್ದು ಹೋಗಲಿಲ್ಲ, ಎದುರಿಗೇ ನಿಂತಳು. “ಮಳಿಗಾಲದಾಗ ಬಚ್ಚಲಿಗೆ ಬಂದ ಕಪ್ಪಿ ಹೊರಗ ಹಾಕಿ ಹಾಕಿ ನನ್ನ ಸೊಂಟ ಹೋಗ್ಯದ. ನೀವು ನೋಡಿದ್ರ ರೊಕ್ಕ ಕೊಟ್ಟು ಒಳಗ ತಂದೀರಿ!”

ಗಾಜಿನ ಟ್ಯಾಂಕು ತಂದೆ. ಶಹಾಬಾದಿನ ಫರಸಿ ಕಲ್ಲಿನ ಚೂರುಗಳನ್ನು ಒಂದರ ಮೇಲೊಂದು ಇಟ್ಟು ಗುಹೆ ಮಾಡಿಕೊಟ್ಟೆ. ಕಪ್ಪೆಗಳಿಗೆ ಕಣ್ಣು ಅಷ್ಟಕ್ಕಷ್ಟೆ. ಹುಳ ಹಾಕಿದರೆ ಮೂಗಿನ ಮುಂದಿದ್ದದ್ದನ್ನು ಬಿಟ್ಟು ಪಕ್ಕದವನ ಕಾಲು ಕಚ್ಚುತ್ತಿದ್ದವು. ಕಚ್ಚಿಸಿಕೊಂಡದ್ದು ಇನ್ನೊಂದರ ಕಾಲು ಕಚ್ಚುತ್ತಿತ್ತು. ನಮ್ಮ ಕಾರ್ಖಾನೆಯ ಕ್ಯಾಂಟೀನು ನೆನಪಾಗುತ್ತಿತ್ತು. ಸಂಜೆ ಗಂಡು ಕಪ್ಪೆಗಳು ಗಿರ್ ಎಂದು ಸಣ್ಣಗೆ ಹಾಡುತ್ತಿದ್ದವು. ನನ್ನ ಕಿವಿಗೆ ಅಷ್ಟು ಶಬ್ದ ಸಾಕಾಗಿತ್ತು.

ಎದುರು ಮನೆಯ ನಿವೃತ್ತ ಕಂಡಕ್ಟರ್ ದಿನಾ ಬಂದು ಇಣುಕುತ್ತಿದ್ದ. “ಮಳಿ ಯಾವಾಗ ಬರ್ತದಂತ ಕೇಳೋ ಮಾರಾಯ. ನಿನ್ನ ಮನ್ಯಾಗೇ ಹವಾಮಾನ ಇಲಾಖೆ ಅದ.”

ನಾನಂತೂ ದೊಡ್ಡ ಪಂಡಿತನಾಗಿಬಿಟ್ಟಿದ್ದೆ. ನಳದ ನೀರಿನಲ್ಲಿ ಬ್ಲೀಚಿಂಗ್ ಪೌಡರ್ ಇರುತ್ತದೆ, ಬಕೆಟ್ಟಿನಲ್ಲಿ ಹಿಡಿದು ಒಂದು ದಿನ ಬಿಟ್ಟೇ ಹಾಕಬೇಕು ಎಂದು ಬಂದವರಿಗೆಲ್ಲ ಪಾಠ ಹೇಳುತ್ತಿದ್ದೆ. ಕಂಡಕ್ಟರನಿಗೆ ಆ ಪಾಠ ಬಾಯಿಪಾಠವಾಗಿತ್ತು.

ಆ ವರ್ಷ ಪಂಚಮಿಗೆ ದಂಡೋತಿಯಿಂದ ಅಕ್ಕನನ್ನು ಕರೆತಂದೆ. ಎಷ್ಟೇ ವಯಸ್ಸಾದರೂ ಪಂಚಮಿಗೆ ಅಕ್ಕ ತವರಿಗೆ ಬರಬೇಕು, ತಮ್ಮ ಹೋಗಿ ಕರೆಯಬೇಕು. ಅಪ್ಪ ಅವ್ವ ಹೋದ ಮೇಲೆ ನನ್ನ ಮನೆಯೇ ಅವಳ ತವರು. ಹಿರಿಯಳಾದ್ದರಿಂದ ನಾಗಪ್ಪನಿಗೆ ಹಾಲೆರೆಯುವುದೂ ಅವಳ ಕೈಯಿಂದಲೇ.

ಟ್ಯಾಂಕಿನ ಮುಂದೆ ಕೂತವಳು ಏಳಲಿಲ್ಲ. “ಅಯ್ಯ ನನ್ನಪ್ಪ, ಕೈ ನೋಡೋ ತಮ್ಮಾ, ಕೈ! ಎಳಿ ಕೂಸಿನ ಕೈ ಇದ್ದಂಗ ಅದಾವ.”

ಇಷ್ಟು ಮೆಚ್ಚಿದವಳಿಗೆ ಹಬ್ಬದ ದಿನ ನೀರು ಫಳಫಳ ಕಾಣಲಿ ಅನ್ನಿಸಿತು. ಬೆಳಿಗ್ಗೆ ಹಳೆಯ ನೀರು ತೆಗೆದೆ. ನೋಡಿದರೆ ಹಿಡಿದಿಟ್ಟ ಬಕೆಟ್ ಖಾಲಿ. ಹೆಂಡತಿ ಅಂಗಳ ತೊಳೆದಿದ್ದಳು. ನಳಕ್ಕೆ ಆಗಷ್ಟೇ ನೀರು ಬಂದಿತ್ತು. ಮೂಗಿಗೆ ವಾಸನೆ ಹೊಡೆಯಿತು. ಒಂದು ಸಲಕ್ಕೆ ಏನಾಗುತ್ತದೆ ಎಂದು ಸುರಿದುಬಿಟ್ಟೆ. ಸ್ವಲ್ಪ ಹೊತ್ತಿಗೆ ದೊಡ್ಡ ಕಪ್ಪೆ ಮೂಲೆಯಲ್ಲಿ ಬೆನ್ನು ಕೆಳಗೆ ಮಾಡಿ ಬಿದ್ದಿತ್ತು. ಮಲಗಿದೆ ಎಂದು ನನಗೆ ನಾನೇ ಹೇಳಿಕೊಂಡೆ.

ಅಷ್ಟರಲ್ಲಿ ಪೂಜೆ ಶುರುವಾಯಿತು. ಅಕ್ಕ ಕೊಬ್ಬರಿ ಬಟ್ಟಲಿನಿಂದ ಮಣ್ಣಿನ ನಾಗಪ್ಪನಿಗೆ ಹಾಲೆರೆಯುತ್ತ, ರೂಢಿಯಂತೆ ಮನೆಯಲ್ಲಿ ಇದ್ದವರ, ಹೋದವರ ಪಾಲೆಲ್ಲ ಹೇಳಿದಳು. “ಅಪ್ಪನ ಪಾಲು, ಅವ್ವನ ಪಾಲು, ತಮ್ಮನ ಪಾಲು...” ಎಲ್ಲರದೂ ಮುಗಿದ ಮೇಲೆ ಎದ್ದು ಬಂದು, ಬಟ್ಟಲಲ್ಲಿ ಉಳಿದಿದ್ದ ಹನಿಯನ್ನು ಟ್ಯಾಂಕಿಗೆ ಬಿಟ್ಟಳು. “ಇದು ಕಪ್ಪಿ ಪಾಲು.”

“ಅಕ್ಕಾ, ಏನ್ ಮಾಡ್ಲಿಕತ್ತಿ!”

“ತಿನ್ನಾಂವಗ ವರ್ಷಾ ಹಾಲು ಎರಿತೀವಿ. ಅವನ ಬಾಯಾಗ ಹೋಗೋದಕ್ಕ ಒಂದ್ ಹನಿ ಬ್ಯಾಡೇನು? ಇದ್ಯಾವ ನ್ಯಾಯ?”

ಎಲ್ಲರೂ ನಕ್ಕರು. ನಾನೂ ನಕ್ಕೆ.

ಊಟವಾಗಿ ತಂಬಿಟ್ಟಿನ ತಟ್ಟೆ ಕೈಗೆ ಬರುವ ಹೊತ್ತಿಗೆ ಆರೂ ಕಪ್ಪೆಗಳು ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಹಬ್ಬದ ಉಂಡಿ ತಿನ್ನಲು ಬಂದಿದ್ದ ಕಂಡಕ್ಟರ್ ಕೇಳಿದ, “ಏನಾಯ್ತೋ ಪಂಡಿತಾ?”

ಪಂಡಿತ ಎಂಬ ಆ ಒಂದು ಮಾತು. ನನ್ನ ಬಾಯಿ ತಾನಾಗಿ ಹೇಳಿತು, “ಹಾಲು ಬಿತ್ತಲ್ಲ, ಅದಕ್ಕ.”

ಅಕ್ಕ ನನ್ನ ಕಡೆ ನೋಡಿದಳು. “ಖರೇ ಏನೋ ತಮ್ಮಾ? ನಾ ಒಂದ್ ಹನಿನೇ ಹಾಕಿದ್ದೆಲ್ಲೊ.”

“ಅವಕ್ಕ ಒಂದ್ ಹನಿನೇ ಭಾಳ.”

ಹೂಳೋಣವೆಂದರೆ ಪಂಚಮಿ ದಿನ ನೆಲ ಅಗೆಯುವಂತಿಲ್ಲ, ಒಳಗಿರುವ ನಾಗಪ್ಪನಿಗೆ ಪೆಟ್ಟಾಗುತ್ತದೆ. ಆರು ಕಪ್ಪೆಗಳು ಮುತ್ತುಗದ ಎಲೆಯ ಮೇಲೆ ಮರುದಿನಕ್ಕಾಗಿ ಕಾಯುತ್ತ ಮಲಗಿದವು. ಸಂಜೆಯ ಬಸ್ಸಿಗೆ ಹೋಗಬೇಕಿದ್ದ ಅಕ್ಕ ಉಳಿದುಕೊಂಡಳು. ಬೆಳಿಗ್ಗೆ ತಾನೇ ನುಗ್ಗೆ ಗಿಡದ ಬುಡದಲ್ಲಿ ತಗ್ಗು ತೋಡಿ, ಅರಿಶಿನ ಹಾಕಿ ಮುಚ್ಚಿದಳು. ನಾನು ಪಕ್ಕದಲ್ಲಿ ನಿಂತು ಚೆಂಬಿನಿಂದ ಅವಳ ಕೈಗೆ ನೀರು ಹಾಕಿದೆ. ಅದೂ ನಳದ ನೀರೇ.

ಆಮೇಲೆ ನಾನು ಹೊಸ ಕಪ್ಪೆಗಳನ್ನು ತಂದೆ. ಬಕೆಟ್ ನೀರಿನಲ್ಲಿ ಅವು ಇವತ್ತಿಗೂ ಚೆನ್ನಾಗಿವೆ, ಒಂದರ ಕಾಲು ಒಂದು ಕಚ್ಚಿಕೊಂಡು. ಅಕ್ಕ ಫೋನು ಮಾಡಿದರೆ ಮೊದಲು ಕೇಳುವುದು, “ಕಪ್ಪಿ ಹ್ಯಾಂಗದಾವ?” ನನ್ನ ಮೊಣಕಾಲಿನ ಸರದಿ ಆಮೇಲೆ. ಪಂಚಮಿಗೆ ಈಗಲೂ ಬರುತ್ತಾಳೆ, ಆದರೆ ಹೊರಗೆ ಕಟ್ಟೆಯ ಮೇಲೇ ಕೂರುತ್ತಾಳೆ. ಹಾಲಿನ ಬಟ್ಟಲನ್ನು ನನ್ನ ಹೆಂಡತಿಗೆ ಕೊಟ್ಟುಬಿಡುತ್ತಾಳೆ. “ನೀನೇ ಎರಿಯವ್ವ. ನನ್ನ ಕೈಗುಣ ಛಲೋ ಇಲ್ಲ.” ಹೆಂಡತಿ ಅವಸರದಲ್ಲಿ ಪಾಲು ಹೇಳುತ್ತಾಳೆ, ಅರ್ಧ ಮಂದಿಯನ್ನು ಬಿಡುತ್ತಾಳೆ.

ಹೆಂಡತಿ ಒಮ್ಮೆ ಸುಮ್ಮನೆ ಕೇಳಿದಳು, “ಅವತ್ತು ಬಕೆಟ್ ನೀರು ನಾ ಅಂಗಳಕ್ಕ ಹಾಕಿದ್ದೆ. ಮತ್ತ ನೀವು ಯಾವ ನೀರು ಹಾಕಿದ್ರಿ?” ನಾನು ಪೇಪರಿನ ಪುಟ ತಿರುಗಿಸಿದೆ. “ಅಕ್ಕಾರಿಗಿ ಹೇಳ್ರಿ,” ಎಂದಳು. ಮತ್ತೆ ಆ ಮಾತು ತೆಗೆಯಲಿಲ್ಲ.

ಈಚೆಗೆ ಹೇಳಲೆಂದೇ ದಂಡೋತಿಗೆ ಹೋದೆ. ಅಕ್ಕ ನನಗೆ ಕೆನೆಹಾಲಿನ ಚಹಾ ಕೊಟ್ಟು, ತಾನು ಕರಿ ಚಹಾ ಹಿಡಿದು ಕೂತಳು. ಹಿತ್ತಲಲ್ಲಿ ಎರಡು ಎಮ್ಮೆ ಕರೆಯುವ ಮನೆ ಅದು.

“ಯಾಕಕ್ಕಾ, ಶುಗರ್ ಬಂತೇನು?”

“ಶುಗರ್ ಎಲ್ಲೀದೋ? ಆ ಕಪ್ಪಿ ಸತ್ತಾಗಿಂದ ಹಾಲು ಬಿಟ್ಟೀನಿ. ಹಾಲಿಲೆ ಬಂದ ಪಾಪ ಹಾಲಿಲೇ ಹೋಗ್ಬೇಕಲ್ಲೊ.” ಎಂದು ನಕ್ಕಳು. “ಮೊದ್ಲು ಮೊದ್ಲು ಕಷಾಯ ಕುಡದಂಗ ಆಗ್ತಿತ್ತು. ಈಗ ರೂಢಿ ಆಗ್ಯದ.”

ಬಾಯಿ ತೆರೆದೆ. “ಚಹಾ ಛಲೋ ಆಗ್ಯದ ಅಕ್ಕಾ,” ಎಂಬ ಮಾತು ಹೊರಗೆ ಬಂತು.

“ಇನ್ನಷ್ಟು ಹಾಕ್ಲೇನು?”

ಕಪ್ಪು ಮುಂದೆ ಹಿಡಿದೆ.

ಅಕ್ಕನಿಗೆ ಓದಲು ಬರುವುದಿಲ್ಲ. ಇಷ್ಟಾದರೂ ಬರೆಯುವ ಧೈರ್ಯ ಬಂದದ್ದು ಅದಕ್ಕೇ ಇರಬೇಕು. ಇದನ್ನು ಓದಿದ ಯಾರಾದರೂ ಹೋಗಿ ಅವಳಿಗೆ ಹೇಳುವುದು ಬೇಡ, ನಾನೇ ಹೇಳಬೇಕು. ನನ್ನ ಆಯುಷ್ಯದಲ್ಲಿ ತಪ್ಪು ಮಾಡಿ ಕ್ಷಮೆ ಕೇಳದೆ ಉಳಿದದ್ದು ಒಬ್ಬಳೇ ಒಬ್ಬಳ ಹತ್ತಿರ. ಅವಳು ದಂಡೋತಿಯ ನನ್ನ ಅಕ್ಕ.