ಅಕ್ಕನ ಜಾಯ್‌ಸ್ಟಿಕ್ಕಿನ ರಿಪೇರಿ

ಬೆಸುಗೆ ಮಾವನ ಅಂಗಡಿ ಇರುವುದು ಮೆಟ್ಟಿಲ ಕೆಳಗಿನ ಸಂದಿಯಲ್ಲಿ. ಒಳಗೆ ನೆಟ್ಟಗೆ ನಿಂತರೆ ತಲೆಗೆ ಪೆಟ್ಟು. ಅದಕ್ಕೇ ಅವನು ಎಷ್ಟೇ ಸಿಟ್ಟು ಬಂದರೂ ಕೂತೇ ಬೈಯುತ್ತಾನೆ. ಮಿಕ್ಸಿ, ಫ್ಯಾನು, ಇಸ್ತ್ರಿಪೆಟ್ಟಿಗೆ ಎಲ್ಲಕ್ಕೂ ಕೈ ಹಾಕುತ್ತಾನಾದರೂ ಅವನಿಗೆ ಹೆಸರು ಬಂದದ್ದು ಅಡಾಪ್ಟರಿನಿಂದ. ಹಳೇ ಕಾಲದ ಗೇಮ್ ಜಾಯ್‌ಸ್ಟಿಕ್ಕಿನ ಪಿನ್ನು ಹೊಸ ಕನ್ಸೋಲಿನ ತೂತಿಗೆ ಕೂರುವುದಿಲ್ಲ. ಹೇಗೋ ಕೂರಿಸಿದರೂ ಒಂದರ ಮಾತು ಇನ್ನೊಂದಕ್ಕೆ ತಿಳಿಯುವುದಿಲ್ಲ. ನಡುವೆ ಬೆಂಕಿಪೊಟ್ಟಣದಷ್ಟು ಡಬ್ಬಿಯೊಂದನ್ನು ಇಟ್ಟು ಎರಡಕ್ಕೂ ಸಂಬಂಧ ಕುದುರಿಸುವವನು ಇವನು. ಒಂದೊಂದು ಕಂಪನಿಯ ಕನ್ಸೋಲಿಗೆ ಒಂದೊಂದು ಡಬ್ಬಿ ಬೇಕು. ಎಲ್ಲರೂ ಒಂದೇ ತೂತು ಇಟ್ಟಿದ್ದರೆ ಇವರಪ್ಪನ ಗಂಟೇನು ಹೋಗುತ್ತಿತ್ತು ಎಂದು ದಿನಕ್ಕೆ ನಾಲ್ಕು ಸಲ ಕೇಳುತ್ತಾನೆ. ಕೇಳುವುದು ನ್ಯಾಯವೇ.

ಅವನದು ಇನ್ನೊಂದು ಮಾತಿದೆ. "ನಾನು ಹಾಕಿದ ಬೆಸುಗೆ ತಪ್ಪಾಗಿದ್ದು ಒಂದು ತೋರಿಸಿ, ಇವತ್ತೇ ಅಂಗಡಿ ಬಾಗಿಲು ಹಾಕ್ತೀನಿ." ಬೆಸುಗೆಗೆ ಮುಂಚೆ ವೈರಿನ ತುದಿಗೆ ಪುಟ್ಟದೊಂದು ಕುಣಿಕೆ ಹಾಕುವುದು ಅವನ ಚಾಳಿ. ಊರಲ್ಲಿ ಬೇರೆ ಯಾರೂ ಅಷ್ಟು ತಾಳ್ಮೆಯಿಂದ ಹಾಕುವುದಿಲ್ಲ. ತಾಳ್ಮೆ ಎಂಬುದು ಅವನಲ್ಲಿ ಇರುವುದೂ ಅದೊಂದೇ ಜಾಗದಲ್ಲಿ.

ಒಂದು ಶನಿವಾರ ಬೆಳಿಗ್ಗೆ ಅವನ ಅಕ್ಕ ಮರದ ಪೆಟ್ಟಿಗೆಯ ಜಾಯ್‌ಸ್ಟಿಕ್ಕೊಂದನ್ನು ಕಂಕುಳಲ್ಲಿ ಇರುಕಿಕೊಂಡು ಬಂದಳು. ಹರೆಯದಲ್ಲಿ ಅವಳು ಗೇಮ್ ಅಂಗಡಿಯೊಂದರಲ್ಲಿ ಗಡಿಯಾರ ನೋಡಿ ಹೊತ್ತು ಮುಗಿದ ಹುಡುಗರನ್ನು ಎಬ್ಬಿಸುವ ಕೆಲಸಕ್ಕಿದ್ದಳು. ಎದ್ದವರ ಜಾಗದಲ್ಲಿ ತಾನೇ ಕೂತು ಉಳಿದವರನ್ನು ಸೋಲಿಸುತ್ತಿದ್ದಳು. ಕೂರುತ್ತಿದ್ದದ್ದು ಮಾತ್ರ ಯಾವಾಗಲೂ ಎರಡನೇ ಜಾಯ್‌ಸ್ಟಿಕ್ಕಿಗೆ. ಅಂಗಡಿ ಮುಚ್ಚಿದಾಗ ಮಾಲೀಕ ಅದನ್ನೇ ಅವಳ ಕೈಗೆ ಕೊಟ್ಟ. ನಮ್ಮ ಮಾವ ಕೆಲಸ ಕಲಿತದ್ದೂ ಅಲ್ಲೇ.

"ನಾಳೆ ನಾಲ್ಕು ಗಂಟೆಗೆ ಎದುರುಮನೆ ಟೈಲರಮ್ಮನ ಜೊತೆ ಪಂದ್ಯ ಕಣೋ," ಎಂದಳು ಅಕ್ಕ. "ಅವಳು ಹೊಸ ಕನ್ಸೋಲ್ ತಂದಿದಾಳೆ. ನಾನು ಗೆದ್ರೆ ವರ್ಷಪೂರ್ತಿ ಹೊಲಿಗೆ ಪುಕ್ಕಟೆ. ಸೋತ್ರೆ ಇದು ಅವಳಿಗೆ."

"ತಲೆ ನೆಟ್ಟಗಿದೆಯಾ ನಿಂಗೆ? ಇದನ್ನ ಪಣಕ್ಕಿಡ್ತಾರಾ?"

"ಸೋಲೋಳು ಅಲ್ವಲ್ಲ ನಾನು. ನಿನ್ನ ಡಬ್ಬಿ ಹಾಕಿಕೊಡು, ಉಪದೇಶ ಬೇಡ."

ಡಬ್ಬಿ ಹಾಕಿದ. ಪೆಟ್ಟಿಗೆ ಬಿಚ್ಚಿ ಧೂಳು ಊದಿದ. ಆಗ ಕಂಡಿತು ಅನಾಹುತ. ಜಾಯ್‌ಸ್ಟಿಕ್ಕಿನ ಹಿಡಿಯನ್ನು ಮೇಲಕ್ಕೆ ತಳ್ಳಿದರೆ ಪೆಟ್ಟಿಗೆಯೊಳಗೆ ಅದರ ಬುಡ ಕೆಳಕ್ಕೆ ವಾಲಿ ಕೆಳಗಿನ ಸ್ವಿಚ್ಚನ್ನು ಒತ್ತುತ್ತದೆ. ಇದು ಗೊತ್ತಿಲ್ಲದ ಹೊಸಬರು ಮೇಲಿನ ವೈರನ್ನು ಮೇಲಿನ ಸ್ವಿಚ್ಚಿಗೇ ಹಾಕಿಬಿಡುತ್ತಾರೆ. ಇಲ್ಲೂ ಹಾಗೇ ಆಗಿತ್ತು. ಮೇಲೆ ತಳ್ಳಿದರೆ ಆಟದ ಮನುಷ್ಯ ಕುಕ್ಕರಗಾಲಲ್ಲಿ ಕೂರುತ್ತಾನೆ, ಕೆಳಗೆ ಎಳೆದರೆ ನೆಗೆಯುತ್ತಾನೆ.

"ಯಾವ ಕತ್ತೆ ಕೆಲಸ ಇದು," ಎಂದು ಬೈಯುತ್ತ ಎರಡೂ ವೈರು ಕತ್ತರಿಸಿದ. ತಾಮ್ರ ಹಾಳಾಗಬಾರದೆಂದು ತುಂಡುಗಳನ್ನು ನೋಡದೆ ಜೇಬಿಗೆ ಹಾಕಿಕೊಂಡ. ಸರಿಯಾಗಿ ಬೆಸೆದ, ತನ್ನ ಕನ್ಸೋಲಿಗೆ ಹಾಕಿ ನೋಡಿದ, ಮೀಸೆ ತಿರುವಿದ. ಅಕ್ಕ ಸಂಜೆ ಬಂದು ಒಯ್ದಳು. ಅವಳಿಗೆ ಹೇಳುವ ಗೋಜಿಗೇ ಹೋಗಲಿಲ್ಲ. ಸರಿಮಾಡಿದ್ದನ್ನು ಯಾರಾದರೂ ಹೇಳಿಕೊಂಡು ತಿರುಗುತ್ತಾರೆಯೇ?

ಭಾನುವಾರ ಟೈಲರಮ್ಮ ಹೊಲಿಗೆ ಯಂತ್ರ ಗೋಡೆಗೆ ಸರಿಸಿ, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಟಿವಿ ಇಟ್ಟಿದ್ದಳು. ಮಾವನೂ ಹಿಂದಿನ ದಿನದ ಅಂಗಿಯಲ್ಲೇ, ರಿಪೇರಿ ಚೀಲ ಹಿಡಿದು ನೋಡಲು ಬಂದಿದ್ದ. ಮೂರು ಸುತ್ತು, ಎರಡು ಗೆದ್ದವರು ಗೆದ್ದಂತೆ. ಮೊದಲ ಸುತ್ತು ಶುರುವಾಯಿತು. ಒದೆ ಬಂದಾಗ ಅಕ್ಕನ ಮನುಷ್ಯ ಬಗ್ಗುವ ಬದಲು ನೆಗೆದು ಒದೆಯ ಬಾಯಿಗೇ ಬಿದ್ದ. ನೆಗೆಯಬೇಕಾದಾಗ ಏನೋ ಬಿದ್ದುಹೋದವನಂತೆ ನೆಲ ಹುಡುಕುತ್ತ ಕೂತ. ಅರ್ಧ ನಿಮಿಷದಲ್ಲಿ ಸುತ್ತು ಮುಗಿಯಿತು.

"ಏನಕ್ಕ, ನಿಮ್ಮೋನು ಚಕ್ಕಂಬಕ್ಕಲ ಹಾಕ್ಕೊಂಡು ಕೂತುಬಿಟ್ಟ? ಊಟಕ್ಕೆ ಬಡಿಸಲಾ?" ಎಂದಳು ಟೈಲರಮ್ಮ. ಆಮೇಲೆ ಮಾವನ ಕಡೆ ತಿರುಗಿ, "ನಿಮ್ಮ ಡಬ್ಬಿದೇ ಏನೋ ತೊಂದರೆ ಇರಬೇಕು, ಅಣ್ಣ."

ಮಾವನಿಗೆ ಮೈ ಉರಿಯಿತು. ಡಬ್ಬಿಯದಲ್ಲ, ಯಾವನೋ ಅಡ್ಡಕಸುಬಿ ಹಾಕಿದ್ದ ವೈರನ್ನು ತಾನು ನಿನ್ನೆ ಸರಿಮಾಡಿದೆ ಎಂದು ಸಾಕ್ಷಿ ಸಮೇತ ಹೇಳಲು ಜೇಬಿಗೆ ಕೈ ಹಾಕಿ ತುಂಡುಗಳನ್ನು ಅಂಗೈಗೆ ಸುರಿದುಕೊಂಡ. ಎರಡರ ತುದಿಯಲ್ಲೂ ಪುಟ್ಟ ಕುಣಿಕೆ ಇತ್ತು.

ತುಂಡುಗಳನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡ. ಹದಿನೆಂಟನೇ ವಯಸ್ಸಿನಲ್ಲಿ, ಕೆಲಸಕ್ಕೆ ಸೇರಿದ ಮೊದಲ ವಾರ, ತಾನೇ ಬೆಸೆದದ್ದು. ಅಕ್ಕ ಆಟ ಕಲಿತದ್ದು ಆ ತಪ್ಪಿನ ಮೇಲೆ. ಈಗ ಅವಳ ಕೈಗೆ ಅದೇ ಸರಿ.

ಅಕ್ಕ ಜಾಯ್‌ಸ್ಟಿಕ್ಕಿನ ಪೆಟ್ಟಿಗೆಯನ್ನು ಸವರುತ್ತಿದ್ದಳು, ಬಿಟ್ಟುಕೊಡುವ ಮುಂಚೆ ಸವರುವ ಹಾಗೆ. "ನನ್ನ ಕೈಯೇ ಹೋಯ್ತು ಕಣೋ," ಎಂದಳು ಮೆಲ್ಲಗೆ.

ತಪ್ಪನ್ನು ಡಬ್ಬಿಯ ಮೇಲೆ ಹಾಕಬಹುದಿತ್ತು. ಕನ್ಸೋಲ್ ಕಂಪನಿಯ ಮೇಲೆ ಹಾಕಬಹುದಿತ್ತು. ಅವರನ್ನು ಬೈಯಲು ಅವನಿಗೆ ಕಾರಣವೂ ಬೇಕಿರಲಿಲ್ಲ. ಅವನು ಚೀಲದಿಂದ ಸಾಲ್ಡರಿಂಗ್ ಐರನ್ ತೆಗೆದು ಇಸ್ತ್ರಿಪೆಟ್ಟಿಗೆಯ ಪ್ಲಗ್ಗು ಕಿತ್ತು ಆ ಜಾಗಕ್ಕೆ ಸಿಕ್ಕಿಸಿದ.

"ಹತ್ತು ನಿಮಿಷ ಟೈಮ್ ಕೊಡಿ ಟೈಲರಮ್ಮ. ನಿನ್ನ ಕೈ ಚೆನ್ನಾಗೇ ಇದೆ ಅಕ್ಕ. ಮೇಲೆ ತಳ್ಳಿದ್ರೆ ಕೂರೋ ಹಾಗೆ, ಕೆಳಗೆ ಎಳೆದ್ರೆ ನೆಗೆಯೋ ಹಾಗೆ ವೈರು ಉಲ್ಟಾ ಇತ್ತು. ನಿನ್ನೆ ನೆಟ್ಟಗೆ ಮಾಡಿಬಿಟ್ಟೆ."

"ಅದು ಹಾಗೇ ಇರೋದು ಅಂದ್ಕೊಂಡಿದ್ನಲ್ಲೋ ನಾನು. ಉಲ್ಟಾ ಹಾಕಿದ್ದೋನು ಯಾವನು?"

ಬೆಸುಗೆಯ ಹೊಗೆ ಎದ್ದಿತು. ಮಾವ ತಲೆ ಎತ್ತಲಿಲ್ಲ. "ನಾನೇ."

ಟೈಲರಮ್ಮ ಕತ್ತರಿ ಕೆಳಗಿಟ್ಟಳು. "ಹಾಗಾದ್ರೆ ಅಂಗಡಿ ಬಾಗಿಲು?"

"ಮೊದಲು ಪಂದ್ಯ ಮುಗೀಲಿ."

ಎರಡನೇ ಸುತ್ತಿನಲ್ಲಿ ಅಕ್ಕ ಅವಳನ್ನು ಏಳಲು ಬಿಡಲಿಲ್ಲ. ಮೂರನೆಯದು ಕೂದಲೆಳೆಯಲ್ಲಿ ಗೆದ್ದಳು, ಗೆದ್ದವಳೇ ಜಾಯ್‌ಸ್ಟಿಕ್ಕನ್ನು ಕಂಕುಳಿಗೆ ಸೇರಿಸಿದಳು. "ಬಾಗಿಲು ಗೀಗಿಲು ಹಾಕೋಕೆ ಹೋಗ್ಬೇಡ. ಮುಂದಿನ ಸಲ ಡಬ್ಬಿ ಯಾರು ಮಾಡ್ತಾರೆ?" ಎಂದಳು ತಮ್ಮನಿಗೆ.

ಮಾವ ಐರನ್ ಆರಿಸಿ ಚೀಲ ಕಟ್ಟುತ್ತಿದ್ದಾಗ ಟೈಲರಮ್ಮ ಹತ್ತಿರ ಬಂದಳು. "ಅಣ್ಣ, ನಂಗೂ ಇಂಥದ್ದೊಂದು ಜಾಯ್‌ಸ್ಟಿಕ್ ಹುಡುಕಿ, ಇದೇ ಥರ ತಪ್ಪು ಬೆಸುಗೆ ಹಾಕಿಕೊಡ್ತೀರಾ?"

"ತಪ್ಪು ಅಂತ ಕೇಳಿದ್ರೆ ಹಾಕಿಕೊಡಲ್ಲ," ಎಂದ ಮಾವ. ಅಲ್ಲಿ ಚಾವಣಿ ಎತ್ತರವಿತ್ತು. ಎದ್ದು ನಿಂತೇ ಹೇಳಿದ.